ಒಂದೇ ಕಾಲಿನ ಲೆಕ್ಕ: ಅಗ್ಗದ ಪವರ್ ಮೀಟರ್ ಕೊಂಡ ಒಂದು ಪ್ರಕರಣ

ರೋಡ್ ಬೈಕ್‌ಗೆ ಕಮ್ಮಿ ದುಡ್ಡಿನಲ್ಲಿ ಯಾವ ಪವರ್ ಮೀಟರ್ (ಎಷ್ಟು ಶಕ್ತಿ ಹಾಕಿ ತುಳಿಯುತ್ತಿದ್ದೇವೆ ಅಂತ ವಾಟ್‌ನಲ್ಲಿ ತೋರಿಸುವ ಸಾಧನ) ಹಾಕಿಸಬಹುದು ಅಂತ ಯಾರಾದರೂ ಕೇಳಿದರೆ ಇಷ್ಟು ದಿನ ನನ್ನ ಹತ್ತಿರ ಒಂದು ಸಿದ್ಧ ಉತ್ತರ ಇತ್ತು. "ಎಡಗಡೆ ಕ್ರ್ಯಾಂಕಿಂದು ತಗೊಳ್ಳಿ, ಸಾಕು." ಕ್ರ್ಯಾಂಕ್ ಅಂದರೆ ಪೆಡಲ್ ಕೂರುವ ತೋಳು. ಆ ಉತ್ತರ ಒಬ್ಬ ಗೆಳೆಯನ ವಿಷಯದಲ್ಲಿ ಹೇಗೆ ಕೈಕೊಟ್ಟಿತು ಅನ್ನೋದನ್ನ ಇಲ್ಲಿ ಬರೆಯುತ್ತಿದ್ದೇನೆ. ಅವನ ಒಪ್ಪಿಗೆ ಇದೆ. ಹೆಸರು, ಕೆಲಸ, ಏರಿಯಾ ಬದಲಿಸಿದ್ದೇನೆ. ವಾಟ್ ಲೆಕ್ಕಗಳು ಅವನವೇ. ದುಡ್ಡನ್ನು ಸಾವಿರಕ್ಕೆ ಸರಿ ಮಾಡಿದ್ದೇನೆ. ಅವನನ್ನು ರಾಜು ಅಂತ ಕರೆಯೋಣ.

ಹಿನ್ನೆಲೆ

ರಾಜುಗೆ 44 ವರ್ಷ, ಬೆಂಗಳೂರು, ಸೈಕಲ್ ಹಿಡಿದು ಆರು ವರ್ಷ. ಅಲ್ಯೂಮಿನಿಯಂ ಫ್ರೇಮ್, ಶಿಮಾನೊ 105 ಆರ್7000 ಗೇರ್ ಸೆಟ್, 170 ಮಿ.ಮೀ. ಕ್ರ್ಯಾಂಕ್, ಮುಂದೆ 50 ಮತ್ತು 34 ಹಲ್ಲಿನ ಚೈನ್‌ರಿಂಗ್ (ಚೈನ್ ಕೂರುವ ಹಲ್ಲಿನ ಚಕ್ರ). ರೇಸ್ ಗೀಸ್ ಇಲ್ಲ, ಅವನ ಹುಚ್ಚು ಬ್ರೆವೆ. ಗೊತ್ತಿಲ್ಲದವರಿಗೆ: ಬ್ರೆವೆ ಅಂದರೆ ಕೊಟ್ಟ ಸಮಯದೊಳಗೆ ಕೊಟ್ಟ ದೂರ ಮುಗಿಸೋದು. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಮೊದಲು ಬಂದವನಿಗೆ ಕಪ್ ಇಲ್ಲ, ಕೊನೆಗೆ ಬಂದವನಿಗೆ ಅವಮಾನವೂ ಇಲ್ಲ.

ಅವನ ತೊಂದರೆ ಹಳೆಯದು. ಬೆಳಗಿನ ತಂಪಿನಲ್ಲಿ ಜೋರಾಗಿ ಹೊಡೆಯುತ್ತಾನೆ, ಮಧ್ಯಾಹ್ನ ಕುಸಿಯುತ್ತಾನೆ. ಎದೆಗೆ ಕಟ್ಟುವ ಹಾರ್ಟ್ ರೇಟ್ ಸ್ಟ್ರಾಪ್ ಎರಡು ವರ್ಷ ಬಳಸಿದ. ಅದು ಒಳ್ಳೆಯದೇ. ಏನೂ ಇಲ್ಲದವರಿಗೆ ಈಗಲೂ ನಾನು ಮೊದಲು ಅದನ್ನೇ ಹೇಳೋದು. ಆದರೆ ಎದೆಬಡಿತ ಬಿಸಿಲಿಗೆ ಏರುತ್ತೆ, ನಿದ್ದೆ ಕೆಟ್ಟರೆ ಏರುತ್ತೆ, ನೀರು ಕಮ್ಮಿಯಾದರೆ ಏರುತ್ತೆ, ಎರಡು ಕಾಫಿ ಕುಡಿದರೂ ಏರುತ್ತೆ. ಜೊತೆಗೆ ಏರಿಳಿತ ತಡವಾಗಿ ತೋರಿಸುತ್ತೆ. ದಿಬ್ಬ ಹತ್ತೋಕೆ ಶುರು ಮಾಡಿದ ಅರ್ಧ ನಿಮಿಷ ಆದಮೇಲೆ "ಜಾಸ್ತಿ ಆಯ್ತು" ಅಂತ ಹೇಳಿದರೆ ಪ್ರಯೋಜನ ಏನು? ಪವರ್ ಮೀಟರ್ ಹಾಗಲ್ಲ. ಪೆಡಲ್ ಎಷ್ಟು ಬಲವಾಗಿ ಒತ್ತುತ್ತೀರಿ, ಎಷ್ಟು ಬೇಗ ತಿರುಗಿಸುತ್ತೀರಿ, ಎರಡರ ಗುಣಾಕಾರ. ಒತ್ತಿದ ತಕ್ಷಣ ವಾಟ್ ಕಾಣುತ್ತೆ.

ಕೈಲಿದ್ದ ದುಡ್ಡು 35,000. ಮನೆಯಲ್ಲಿ ಒಪ್ಪಿಸಿದ್ದು 30,000ಕ್ಕೆ, ಅದು ಬೇರೆ ಕತೆ.

ಏನೇನು ನೋಡಿದೆವು

1986ರಲ್ಲಿ ಜರ್ಮನಿಯ ಉಲ್ರಿಚ್ ಶೋಬರರ್ ಎಸ್‌ಆರ್‌ಎಂ ಅನ್ನೋ ಪವರ್ ಮೀಟರ್ ಕಂಪನಿ ಶುರು ಮಾಡಿದಾಗಿನಿಂದ ಬಹಳ ವರ್ಷ ಇದು ದೊಡ್ಡ ತಂಡಗಳ ಸಾಮಾನಾಗಿತ್ತು. 2012ರ ಹೊತ್ತಿಗೆ ಸ್ಟೇಜಸ್ ಕಂಪನಿಯವರು ಎಡ ಕ್ರ್ಯಾಂಕ್‌ಗೆ ಮಾತ್ರ ಸ್ಟ್ರೇನ್ ಗೇಜ್ (ಲೋಹ ಎಷ್ಟು ಬಾಗಿತು ಅಂತ ಅಳೆಯುವ ಪುಟ್ಟ ಪಟ್ಟಿ) ಅಂಟಿಸಿ, ಬಂದ ಲೆಕ್ಕವನ್ನು ಎರಡರಿಂದ ಗುಣಿಸಿ ತೋರಿಸುವ ದಾರಿ ಹಿಡಿದರು. ಬೆಲೆ ಇಳಿದದ್ದು ಆಮೇಲೆ. ಕಮ್ಮಿ ಬೆಲೆಯ ಮೀಟರ್‌ಗಳಲ್ಲಿ ಬಹಳಷ್ಟು ಇವತ್ತಿಗೂ ಇದೇ ಉಪಾಯದ ಮೇಲೆ ನಿಂತಿವೆ. ಅಳೆಯೋದು ಒಂದು ಕಾಲು, ಇನ್ನೊಂದು ಊಹೆ.

ರಾಜು ಮುಂದೆ ಆರು ದಾರಿ ಇದ್ದವು. ಹಳೆ ಪವರ್‌ಟ್ಯಾಪ್ ಹಬ್ (ಚಕ್ರದ ನಡುಭಾಗದಲ್ಲೇ ಅಳೆಯುವ ಮೀಟರ್) ಇರುವ ಹಿಂದಿನ ಚಕ್ರ ಒಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತಿತ್ತು. ಹಬ್ ಎರಡೂ ಕಾಲಿನ ಒಟ್ಟು ಬಲ ಅಳೆಯುತ್ತೆ, ಅದು ದೊಡ್ಡ ಗುಣ. ಆದರೆ ಚಕ್ರ ಬದಲಿಸಿದರೆ ಮೀಟರೂ ಹೋಯಿತು, ಬಿಡಿಭಾಗ ಹುಡುಕೋದು ತಲೆನೋವು. ಬಿಟ್ಟೆವು. ಎಡ ಪೆಡಲ್ ಮಾತ್ರ ಅಳೆಯುವ ಅಸಿಯೋಮಾ ಯೂನೊ ನೋಡಿದ. ಮುಂದೆ ದುಡ್ಡು ಬಂದಾಗ ಬಲ ಪೆಡಲನ್ನೂ ಸೇರಿಸಿ ಎರಡು ಕಾಲಿನದು ಮಾಡಿಕೊಳ್ಳಬಹುದು, ಅದು ಜಾಣ ಏರ್ಪಾಡು. ಆದರೆ ಅದಕ್ಕೆ ರೋಡ್ ಕ್ಲೀಟ್ ಬೇಕು, ಅಂದರೆ ಶೂ ತಳದಿಂದ ಹೊರಚಾಚಿ ಪೆಡಲ್‌ಗೆ ಸಿಕ್ಕಿಕೊಳ್ಳುವ ದೊಡ್ಡ ಕೊಂಡಿ. ರಾಜು ಹಾಕೋದು ಎಸ್‌ಪಿಡಿ ಶೂ, ಅದರ ಕೊಂಡಿ ಚಿಕ್ಕದು, ತಳದೊಳಗೇ ಅಡಗಿರುತ್ತೆ. ಬ್ರೆವೆಯಲ್ಲಿ ಕಂಟ್ರೋಲ್ ಪಾಯಿಂಟ್‌ಗಳಲ್ಲಿ ಇಳಿದು, ಹೋಟೆಲ್ ಮೆಟ್ಟಿಲು ಹತ್ತಿ, ಇಡ್ಲಿ ತಿಂದು ಬರಬೇಕಲ್ಲ. ರೋಡ್ ಕ್ಲೀಟ್‌ನಲ್ಲಿ ಬಾತುಕೋಳಿ ಥರ ನಡೆಯೋಕೆ ಅವನು ತಯಾರಿಲ್ಲ. ಎಸ್‌ಪಿಡಿ ಪವರ್ ಪೆಡಲ್‌ಗಳ ಬೆಲೆ ನೋಡಿ ಸೈಟನ್ನೇ ಮುಚ್ಚಿದ. ಎರಡೂ ಕಡೆ ಅಳೆಯುವ ರೋಡ್ ಪೆಡಲ್ ಜೋಡಿಯೂ ಅವತ್ತಿಗೆ ಕೈಗೆ ಮೀರಿದ್ದು. ಇನ್ನು ಉಳಿದವು ಎರಡು. ಮ್ಯಾಜೀನ್‌ನಂಥ ಚೀನಾ ಕಂಪನಿಗಳ ಸ್ಪೈಡರ್ ಮೀಟರ್, ಅಂದರೆ ಚೈನ್‌ರಿಂಗ್ ಕೂರುವ ಜಾಗದಲ್ಲೇ ಅಳೆಯುವಂಥದ್ದು, ಅದು ಪೂರ್ತಿ ಕ್ರ್ಯಾಂಕ್‌ಸೆಟ್ ಆಗಿ ಬರುತ್ತೆ. ಮತ್ತೊಂದು ಎಡ ಕ್ರ್ಯಾಂಕ್.

ಸ್ಪೈಡರ್ ಎಲ್ಲಾ ಸೇರಿ 36,000 ಆಗುತ್ತಿತ್ತು. ಎಡ ಕ್ರ್ಯಾಂಕ್ 27,000.

ನಾನೇ ಹೇಳಿದೆ, "9,000 ಉಳಿಸು. ನಿನಗೆ ಬೇಕಿರೋದು ಪ್ರತಿದಿನ ಒಂದೇ ಥರ ತೋರಿಸೋ ಮೀಟರ್. ಐದು ವಾಟ್ ಹೆಚ್ಚುಕಮ್ಮಿ ಇದ್ದರೂ ಪ್ರತಿಸಲ ಅಷ್ಟೇ ಹೆಚ್ಚುಕಮ್ಮಿ ಇದ್ದರೆ ಆಯ್ತು." ಇದು ಸೈಕಲ್ ಲೋಕದಲ್ಲಿ ಎಲ್ಲರೂ ಹೇಳುವ ಮಾತು. ತಪ್ಪೂ ಅಲ್ಲ. ಆದರೆ ಅದರೊಳಗೆ ಒಂದು ಷರತ್ತು ಅಡಗಿದೆ. ಅದನ್ನು ನಾನು ಹೇಳಲಿಲ್ಲ, ನನಗೇ ಅವತ್ತು ಹೊಳೆಯಲಿಲ್ಲ.

ಅವನ ಹೆಂಡತಿ ಮಾತ್ರ ಕೇಳಿದರು. "ಒಂದು ಕಾಲು ಅಳೆಯೋಕೆ ಇಪ್ಪತ್ತೇಳು ಸಾವಿರಾನಾ?" ನಾವಿಬ್ಬರೂ ನಕ್ಕೆವು.

ಕೂರಿಸಿದ್ದು

ಕೊಳ್ಳುವ ಮುಂಚೆ ಒಂದು ಕೆಲಸ ಸರಿಯಾಗಿ ಮಾಡಿದೆವು. ಎಡ ಕ್ರ್ಯಾಂಕ್‌ಗೂ ಚೈನ್‌ಸ್ಟೇಗೂ (ಹಿಂಚಕ್ರದ ಕಡೆ ಹೋಗುವ ಫ್ರೇಮಿನ ಕೆಳ ಕೊಳವೆ) ನಡುವೆ ಜಾಗ ಇದೆಯಾ ಅಂತ 10 ಮಿ.ಮೀ. ಅಲೆನ್ ಕೀ ತೂರಿಸಿ, ಕ್ರ್ಯಾಂಕ್ ಪೂರ್ತಿ ಒಂದು ಸುತ್ತು ತಿರುಗಿಸಿ ನೋಡಿದೆವು. ಸಲೀಸಾಗಿ ಹೋಯಿತು. ಇದು ನೋಡದೆ ತರಿಸಿ, ಮೀಟರ್ ಫ್ರೇಮಿಗೆ ಉಜ್ಜಿ ವಾಪಸ್ ಕಳಿಸಿದವರು ಇದ್ದಾರೆ.

ಕೂರಿಸೋದು ಸುಲಭ. ಶಿಮಾನೊದಲ್ಲಿ ಎಡ ಕ್ರ್ಯಾಂಕ್‌ನ ಎರಡು ಬೋಲ್ಟ್ 5 ಮಿ.ಮೀ. ಅಲೆನ್ ಕೀಯಲ್ಲಿ ಸಡಿಲಿಸಿ, ನಡುವಿನ ಪುಟ್ಟ ಪ್ಲಾಸ್ಟಿಕ್ ತಡೆಯನ್ನು ಮೇಲೆತ್ತಿ, ಪ್ಲಾಸ್ಟಿಕ್ ಟೂಲ್‌ನಲ್ಲಿ ಕ್ಯಾಪ್ ಬಿಚ್ಚಿದರೆ ಕ್ರ್ಯಾಂಕ್ ಕೈಗೆ ಬರುತ್ತೆ. ಹೊಸದು ಹಾಕುವಾಗ ಕ್ಯಾಪನ್ನು ಬೆರಳ ಬಿಗಿಗಿಂತ ಚೂರು ಜಾಸ್ತಿ, ಅಷ್ಟೇ. ಎರಡು ಬೋಲ್ಟನ್ನು ಒಂದಾದಮೇಲೆ ಒಂದು, ಸ್ವಲ್ಪ ಸ್ವಲ್ಪವಾಗಿ, 12ರಿಂದ 14 ನ್ಯೂಟನ್ ಮೀಟರ್‌ವರೆಗೆ. ರಾಜು ಮೊದಲ ಸಲ ಟಾರ್ಕ್ ರೆಂಚ್ ಇಲ್ಲದೆ ಅಂದಾಜಿನಲ್ಲಿ ಬಿಗಿದಿದ್ದ, ಒಂದು ಬೋಲ್ಟ್ ಬಿಗಿ, ಇನ್ನೊಂದು ಸಡಿಲ. ವಾರದಲ್ಲಿ ಕಿರ್ ಕಿರ್ ಸದ್ದು. ಬಿಚ್ಚಿ ಸರಿಯಾಗಿ ಹಾಕಿ, ಹೊಸದಾಗಿ ಜೀರೊ ಆಫ್‌ಸೆಟ್ ಮಾಡಿದೆವು, ಅಂದರೆ ಪೆಡಲ್ ಮೇಲೆ ಭಾರ ಇಲ್ಲದಾಗ ಸೊನ್ನೆ ಅಂತ ಮೀಟರ್‌ಗೆ ತೋರಿಸಿಕೊಟ್ಟೆವು.

ಆಮೇಲೆ ಹೆಸರಘಟ್ಟದ ಕಡೆ 20 ನಿಮಿಷದ ಟೆಸ್ಟ್. ಮೀಟರ್ 198 ವಾಟ್ ತೋರಿಸಿತು. ಅದರ 95% ಅಂದರೆ 188. ಅವನ ಎಫ್‌ಟಿಪಿ, ಅಂದರೆ ಹೆಚ್ಚುಕಮ್ಮಿ ಒಂದು ಗಂಟೆ ಎಳೆಯಬಲ್ಲ ಶಕ್ತಿ, 188 ಅಂತ ಬರೆದಿಟ್ಟೆವು. 300ರ ಬ್ರೆವೆಗೆ ಲೆಕ್ಕ ಹಾಕಿದೆವು. ಸಮತಟ್ಟು ರಸ್ತೆಯಲ್ಲಿ 120 ವಾಟ್ ದಾಟಬಾರದು, ಅಂದರೆ ಎಫ್‌ಟಿಪಿಯ 64%. ಕಾಗದದ ಮೇಲೆ ಎಲ್ಲಾ ಚೆಂದ.

300 ಕಿ.ಮೀ.

ಅವನು ಮಾತು ಉಳಿಸಿಕೊಂಡ. ಫೈಲ್ ತೆಗೆದು ನೋಡಿದರೆ ಗಂಟೆಗಟ್ಟಲೆ 115, 118, 120. ಇಷ್ಟು ಶಿಸ್ತು ಅವನಲ್ಲಿ ನಾನು ನೋಡಿರಲಿಲ್ಲ. ಆದರೂ 210ನೇ ಕಿ.ಮೀ. ಹತ್ತಿರ ಹೊಟ್ಟೆ ಊಟ ಬೇಡ ಅಂದಿತು, ಕಾಲು ಬರಲಿಲ್ಲ, ಒಂದು ಪೆಟ್ರೋಲ್ ಬಂಕ್ ಕಟ್ಟೆ ಮೇಲೆ 40 ನಿಮಿಷ ಮಲಗಿದ. ಮುಗಿಸಿದ್ದು 19 ಗಂಟೆ 35 ನಿಮಿಷಕ್ಕೆ.

ಫೋನ್ ಮಾಡಿದ. "ಗುರು, ನೀನು ಹೇಳಿದ ನಂಬರ್ ಮೇಲೆ ಒಂದು ಪಾಯಿಂಟ್ ಹೋಗಿಲ್ಲ. ಆದ್ರೂ ಸತ್ತೆ."

ಬೆಳಗ್ಗೆ 120 ವಾಟ್‌ಗೆ ಎದೆಬಡಿತ 128 ಇತ್ತು. ಮಧ್ಯಾಹ್ನ ಅದೇ 120ಕ್ಕೆ 146. ಬಿಸಿಲು ಮಾರಾಯ, ನೀರು ಸಾಕಾಗಿಲ್ಲ ಅಂದೆ. ಅದು ಅರ್ಧ ನಿಜ. ಉದ್ದದ ಸವಾರಿಯಲ್ಲಿ, ಅದರಲ್ಲೂ ಸೆಕೆಯಲ್ಲಿ, ಅಷ್ಟೇ ವಾಟ್‌ಗೆ ಬಡಿತ ಮೇಲೇರೋದು ಮಾಮೂಲು. ಆ ಮಾಮೂಲು ಉತ್ತರ ಕೈಲಿದ್ದದ್ದೇ ನನಗೆ ಅಡ್ಡಿಯಾಯಿತು. ಒಂದು ತಿಂಗಳು ಅದರಲ್ಲೇ ಕಳೆದೆವು: ಉಪ್ಪು, ನೀರು, ಎಳನೀರು, ರಾಗಿ ಮಾಲ್ಟ್.

ನಂದಿಬೆಟ್ಟದ ಲೆಕ್ಕ

ದಾರಿ ಬದಲಾದದ್ದು ಒಂದು ಮಂಗಳವಾರ ಬೆಳಗ್ಗೆ. ವಾರಾಂತ್ಯದಲ್ಲಿ ನಂದಿಯಲ್ಲಿ ಕಾರುಗಳದೇ ಜಾತ್ರೆ, ಅದಕ್ಕೇ ಮಂಗಳವಾರ. ಕಾರಹಳ್ಳಿ ಕ್ರಾಸ್‌ನಿಂದ ಇಬ್ಬರೂ ಮಾತಾಡುತ್ತಾ ಹತ್ತುತ್ತಿದ್ದೆವು. ಅವನ ಸ್ಕ್ರೀನ್ ಮೇಲೆ 150, 155. ಮೇಲೆ ಹೋಗಿ ಫೈಲ್ ನೋಡಿದಾಗ ನಡುವಿನ 300 ಮೀಟರ್ ಎತ್ತರ ಏರೋಕೆ 27 ನಿಮಿಷ, ಸರಾಸರಿ 154 ವಾಟ್.

ಯಾಕೋ ಲೆಕ್ಕ ಹಾಕೋಣ ಅನ್ನಿಸಿತು. ಏರುವಾಗ ಭೂಮಿಯ ಎಳೆತ ಸುಳ್ಳು ಹೇಳಲ್ಲ. ರಾಜು 69 ಕೆ.ಜಿ. ಸೈಕಲ್, ಬಾಟಲಿ, ಶೂ, ಬ್ಯಾಗ್ ಸೇರಿ 11. ಒಟ್ಟು 80. ಎಂಬತ್ತನ್ನು 9.81ರಿಂದ, ಅದನ್ನು 300ರಿಂದ ಗುಣಿಸಿದರೆ 2,35,440 ಜೂಲ್. 27 ನಿಮಿಷ ಅಂದರೆ 1,620 ಸೆಕೆಂಡ್. ಭಾಗಿಸಿದರೆ 145 ವಾಟ್.

ಅಂದರೆ ಸುಮ್ನೆ ಆ ಭಾರವನ್ನು ಮೇಲೆತ್ತೋಕೇ 145 ಬೇಕು. ಮೀಟರ್ ಹೇಳಿದ್ದು 154. ಉಳಿದ 9 ವಾಟ್‌ನಲ್ಲಿ ಟೈರ್ ಉರುಳಬೇಕು, ಗಾಳಿ ಸೀಳಬೇಕು, ಚೈನ್ ತಿರುಗಬೇಕು. ಆ ವೇಗಕ್ಕೆ, ಆ ರಸ್ತೆಗೆ ಟೈರ್ ಒಂದೇ 14-15 ತಿನ್ನುತ್ತೆ. ಗಾಳಿಗೆ ಐದಾರು, ಚೈನ್‌ಗೆ ಇನ್ನೊಂದೈದು. ಎಷ್ಟು ಜಿಪುಣತನ ಮಾಡಿದರೂ 170ರ ಆಸುಪಾಸು ಬರಬೇಕು.

"ಮೀಟರ್ ಕೆಟ್ಟಿದೆ," ಅಂದ ರಾಜು.

ನಾನೂ ಹಾಗೇ ಅಂದುಕೊಂಡೆ. ವಾರಂಟಿ ಮೇಲ್ ಬರೆಯೋಕೆ ಕೂತಾಗ ಅವನು ಕ್ಲೀಟ್ ಬಿಚ್ಚೋಕೆ ಕಾಲು ತಿರುಗಿಸಿದ. ಎಡಗಾಲು. ಸಾಕ್ಸ್ ಮೇಲೆ ಆ ಹಳೆ ಹೊಲಿಗೆ ಗುರುತು ಕಾಣಿಸಿತು. ಎಂಟು ವರ್ಷದ ಹಿಂದೆ ಸ್ಕೂಟರ್‌ನಿಂದ ಬಿದ್ದು ಎಡ ಪಾದದ ಗಂಟು ಮುರಿದು ಪ್ಲೇಟ್ ಹಾಕಿಸಿಕೊಂಡಿದ್ದ. ನನಗೆ ಗೊತ್ತಿತ್ತು. ಮೀಟರ್ ಆರಿಸುವಾಗ ಒಂದೇ ಒಂದು ಸಲವೂ ನೆನಪಾಗಿರಲಿಲ್ಲ.

ಎರಡು ಕಾಲನ್ನೂ ಅಳೆದಾಗ

ನಮ್ಮ ಗುಂಪಿನ ಒಬ್ಬ ಹುಡುಗಿ ಟ್ರಯಥ್ಲಾನ್ ಮಾಡುತ್ತಾಳೆ. ಅವಳ ಹತ್ತಿರ ಎರಡೂ ಕಡೆ ಅಳೆಯುವ ಅಸಿಯೋಮಾ ಪೆಡಲ್ ಇದೆ. "ರಾಜಣ್ಣ, ಒಂದು ವಾರ ಇಟ್ಕೊಳ್ಳಿ, ಆದ್ರೆ ಬೀಳಿಸ್ಬೇಡಿ," ಅಂತ ಕೊಟ್ಟಳು. ರೋಡ್ ಕ್ಲೀಟ್ ಶೂ ನನ್ನದು. ಅವನಿಗೆ ಅರ್ಧ ಸೈಜ್ ದೊಡ್ಡದು, ಎರಡು ಜೊತೆ ಸಾಕ್ಸ್ ಹಾಕಿದ. ಎರಡು ಹೆಡ್ ಯೂನಿಟ್ (ಹ್ಯಾಂಡಲ್ ಮೇಲಿನ ಪುಟ್ಟ ಕಂಪ್ಯೂಟರ್), ಒಂದು ಪೆಡಲ್‌ಗೆ, ಒಂದು ಕ್ರ್ಯಾಂಕ್‌ಗೆ. ಮತ್ತೆ ನಂದಿ. ಚಳಿಯಲ್ಲಿ ಹತ್ತು ನಿಮಿಷ ಸೈಕಲ್ ಹೊರಗೆ ನಿಲ್ಲಿಸಿ, ಆಮೇಲೆ ಎರಡಕ್ಕೂ ಜೀರೊ ಆಫ್‌ಸೆಟ್. ಮನೆಯ ಬೆಚ್ಚಗಿನಲ್ಲಿ ಮಾಡಿದ ಜೀರೊ ಬೆಟ್ಟದ ಬುಡದ ತಂಪಿನಲ್ಲಿ ಚೂರು ಜಾರುತ್ತೆ.

ಮೊದಲ ಏರಿಕೆಯಲ್ಲಿ ಪೆಡಲ್ ಎಡಗಾಲಿಗೂ ಕ್ರ್ಯಾಂಕ್‌ಗಿಂತ ಜಾಸ್ತಿ ತೋರಿಸಿತು. ಸುಮಾರು ಒಂದೂವರೆ ಪರ್ಸೆಂಟ್. ಯಾಕೆ ಅಂತ ಆಪ್ ತೆಗೆದು ನೋಡಿದರೆ ಅದರಲ್ಲಿ ಕ್ರ್ಯಾಂಕ್ ಉದ್ದ 172.5 ಅಂತಿದೆ, ಅವಳ ಸೈಕಲ್‌ದು. ರಾಜುದು 170. ಪೆಡಲ್ ಮೀಟರ್‌ಗೆ ಬಲ ಮಾತ್ರ ಗೊತ್ತು, ಕ್ರ್ಯಾಂಕ್ ಎಷ್ಟುದ್ದ ಅಂತ ನಾವೇ ಹೇಳಬೇಕು. ಪೆಡಲ್ ಮೀಟರ್ ಕೊಳ್ಳುವವರು ಇದೊಂದು ನೆನಪಿಡಿ. ಸರಿ ಮಾಡಿ ಮತ್ತೆ ಹತ್ತಿದೆವು.

ಈಗ ಬಂದದ್ದು: ಎಡ 77, ಬಲ 94, ಒಟ್ಟು 171. ಕ್ರ್ಯಾಂಕ್ ಮೀಟರ್ ತೋರಿಸಿದ್ದು 154, ಅಂದರೆ ಎಡ 77ರ ಎರಡರಷ್ಟು.

ಅಂದರೆ ಕ್ರ್ಯಾಂಕ್ ಮೀಟರ್ ಕೆಟ್ಟಿರಲೇ ಇಲ್ಲ. ಎಡಗಾಲನ್ನು ಪಕ್ಕಾ ಅಳೆದಿತ್ತು. ಡಬ್ಬದ ಮೇಲೆ ಬರೆದಿದ್ದ ಪ್ಲಸ್ ಮೈನಸ್ 1% ಸುಳ್ಳಲ್ಲ, ಅದು ಎಡಗಾಲಿನ 1% ಅಷ್ಟೇ. ಬಲಗಾಲಿನ ಬಗ್ಗೆ ಡಬ್ಬ ಏನೂ ಹೇಳಿರಲಿಲ್ಲ, ನಾವೇ ಅಂದುಕೊಂಡಿದ್ದು. ವಾರಂಟಿ ಮೇಲ್ ಅಳಿಸಿದೆ.

ಇಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಎಡ-ಬಲದ ಪಾಲು 45%-55% ಅಂತ ಗೊತ್ತಾದಮೇಲೆ ತೋರಿಸಿದ್ದಕ್ಕೆ ಇಂತಿಷ್ಟು ಸೇರಿಸಿಕೊಳ್ಳುತ್ತಾ ಹೋಗಬಹುದಿತ್ತು. ಕೆಲವು ಮೀಟರ್‌ಗಳ ಆಪ್‌ನಲ್ಲೇ ಅದಕ್ಕೆ ಜಾಗವೂ ಇರುತ್ತೆ. ಆದರೆ ಆ ವಾರ ಪೆಡಲ್ ಹಾಕಿ ಎಲ್ಲಾ ಥರ ಓಡಿಸಿದೆವು. 20 ನಿಮಿಷ ಜೀವ ಬಿಟ್ಟು ತುಳಿದಾಗ 48-52. ಆರಾಮಾಗಿ ಹೋಗುವಾಗ 45-55. ನಾಲ್ಕು ಗಂಟೆ ಆದಮೇಲೆ, ಗಂಟು ಬಿಗಿಯಾಗೋಕೆ ಶುರುವಾದಾಗ, 43-57. ಅವನಿಗೇ ಅರಿವಿಲ್ಲದೆ ಬಲಗಾಲು ಕೆಲಸ ತಗೊಳ್ಳುತ್ತಿತ್ತು.

ಈಗ ಹಳೆ ಬ್ರೆವೆಗೆ ಇದನ್ನು ಹಚ್ಚಿ ನೋಡಿ. ಟೆಸ್ಟ್‌ನಲ್ಲಿ 48-52 ಇದ್ದದ್ದರಿಂದ ಅವನ ನಿಜವಾದ ಎಫ್‌ಟಿಪಿ 188 ಅಲ್ಲ, ಸುಮಾರು 196. ಬೆಳಗ್ಗೆ ಸ್ಕ್ರೀನ್ ಮೇಲೆ 120 ಇದ್ದಾಗ ನಿಜಕ್ಕೂ ತುಳಿಯುತ್ತಿದ್ದದ್ದು 133, ಅಂದರೆ 68%. ಮಧ್ಯಾಹ್ನ ಅದೇ 120 ಅಂದರೆ ನಿಜದಲ್ಲಿ 139-140, ಅಂದರೆ 71%. ಕಾಲು ಸೋತಷ್ಟೂ ಮೀಟರ್ ಕಮ್ಮಿ ತೋರಿಸುತ್ತೆ, ಅವನು 120 ಉಳಿಸಿಕೊಳ್ಳೋಕೆ ಇನ್ನೂ ಜಾಸ್ತಿ ತುಳಿಯುತ್ತಾನೆ. ನಿಧಾನ ಮಾಡಬೇಕಾದ ಹೊತ್ತಿನಲ್ಲಿ ನಾವು ಕೊಟ್ಟ ನಂಬರ್ ಅವನನ್ನು ಜೋರು ಮಾಡಿಸುತ್ತಿತ್ತು. ಬಿಸಿಲಿನ ಪಾಲೂ ಇತ್ತು, ಇಲ್ಲ ಅನ್ನಲ್ಲ. ಆದರೆ ಆ 146ರ ಎದೆಬಡಿತ ಸರಿಯಾಗೇ ಕೂಗುತ್ತಿತ್ತು, ನಾವು ಕೇಳಲಿಲ್ಲ.

ನಾನು ಹೇಳದೆ ಬಿಟ್ಟ ಷರತ್ತು ಇದೇ. ತಪ್ಪು ಯಾವಾಗಲೂ ಒಂದೇ ಅಳತೆಯದಾಗಿದ್ದರೆ ಮಾತ್ರ "ಒಂದೇ ಥರ ತೋರಿಸಿದರೆ ಸಾಕು". ಎರಡು ಕಾಲಿನ ಪಾಲು ದಿನವಿಡೀ ಹೆಚ್ಚುಕಮ್ಮಿ ಹಾಗೇ ಇರುವವರಿಗೆ ಎಡ ಕ್ರ್ಯಾಂಕ್ ಈಗಲೂ ಒಳ್ಳೆ ವ್ಯಾಪಾರ, ಅಂಥ ಇನ್ನಿಬ್ಬರಿಗೆ ಆಮೇಲೂ ನಾನೇ ಅದನ್ನು ಹೇಳಿದ್ದೇನೆ. ಆದರೆ ಈಗ ಮೊದಲು ಕೇಳೋದು ಬಜೆಟ್ ಅಲ್ಲ. ಕಾಲು, ಮಂಡಿ, ಸೊಂಟಕ್ಕೆ ಯಾವತ್ತಾದರೂ ಏಟು ಬಿದ್ದಿತ್ತಾ? ಅರ್ಧ ಗಂಟೆ ಟ್ರೈನಿಂಗ್‌ಗೆ ಬೇಕಾ, ಇಡೀ ದಿನದ ಸವಾರಿಗೆ ಬೇಕಾ? ಯಾವ ಶೂ ಹಾಕ್ತೀರಿ? ಒಂದು ಸೈಕಲ್ಲಾ, ಎರಡಾ? ಸಾಧ್ಯವಾದರೆ ಕೊಳ್ಳುವ ಮುಂಚೆ ಯಾರದಾದರೂ ಎರಡು ಕಡೆಯ ಪೆಡಲ್ ಒಂದು ದಿನಕ್ಕೆ ಬೇಡಿ ತಂದು, ಸುಸ್ತಾಗುವವರೆಗೆ ತುಳಿದು ನೋಡಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಆಮೇಲೆ

ರಾಜು ಎಡ ಕ್ರ್ಯಾಂಕನ್ನು 18,000ಕ್ಕೆ ಮಾರಿದ. ಕೊಂಡವನಿಗೆ ಎಲ್ಲಾ ಹೇಳಿಯೇ ಮಾರಿದ. ಅವನ ಎರಡೂ ಕಾಲು ಗಟ್ಟಿ, ಖುಷಿಯಾಗಿದ್ದಾನೆ. ಬಲ ಕ್ರ್ಯಾಂಕ್‌ಗೂ ಮೀಟರ್ ಅಂಟಿಸೋದು, ಪೆಡಲ್ ಜೋಡಿ ಕೊಂಡು ಶೂನೂ ಬದಲಿಸೋದು, ಎಲ್ಲಾ ಮತ್ತೆ ತೂಗಿ ನೋಡಿ ಕೊನೆಗೆ ಅದೇ ಮೊದಲು ಬಿಟ್ಟ 36,000ದ ಸ್ಪೈಡರ್‌ಗೆ ಬಂದ. ಶಿಮಾನೊ ಥರಾನೇ 24 ಮಿ.ಮೀ. ಆಕ್ಸಲ್, ಹಳೆ ಬಾಟಮ್ ಬ್ರ್ಯಾಕೆಟ್‌ಗೇ (ಕ್ರ್ಯಾಂಕ್ ತಿರುಗುವ ಬೇರಿಂಗ್) ಕೂತಿತು. ಎಸ್‌ಪಿಡಿ ಪೆಡಲ್ ಹಾಗೇ ಉಳಿಯಿತು. ಒಟ್ಟು ಕೈಬಿಟ್ಟದ್ದು 45,000. ಉಳಿಸೋಕೆ ಹೋದ 9,000 ಅಷ್ಟೇ ನಿಖರವಾಗಿ ನಷ್ಟವಾಯಿತು, ಇದನ್ನು ಅವನ ಹೆಂಡತಿಗೆ ಇಬ್ಬರೂ ಹೇಳಿಲ್ಲ.

ಸ್ಪೈಡರ್ ಬಂದಮೇಲೆ ಮತ್ತೆ ಟೆಸ್ಟ್, ಎಫ್‌ಟಿಪಿ 197. 400ರ ಬ್ರೆವೆಗೆ ಸಮತಟ್ಟಿನಲ್ಲಿ 118ರ ಮಿತಿ, ಮಧ್ಯಾಹ್ನದ ಮೇಲೆ 110, ಜೊತೆಗೆ ಎದೆಪಟ್ಟಿಯೂ. ವಾಟ್ ಒಂದು ಹೇಳಿ ಎದೆ ಇನ್ನೊಂದು ಹೇಳಿದರೆ ಎದೆ ಮಾತು ಕೇಳೋದು ಅಂತ ಒಪ್ಪಂದ. 27 ಗಂಟೆಯ ಮಿತಿಯಲ್ಲಿ 24 ಗಂಟೆ 10 ನಿಮಿಷಕ್ಕೆ ಮುಗಿಸಿದ, ಎಲ್ಲೂ ಕಟ್ಟೆ ಮೇಲೆ ಮಲಗಲಿಲ್ಲ.

ಆ ಗಂಟಿಗೆ ಈಗ ಫಿಸಿಯೋ ನಡೆಯುತ್ತಿದೆ. ಇಲ್ಲೊಂದು ತಮಾಷೆ ಇದೆ. ಸ್ಪೈಡರ್ ಎರಡು ಕಾಲಿನ ಒಟ್ಟನ್ನು ಸರಿಯಾಗಿ ಅಳೆಯುತ್ತೆ, ಆದರೆ ಯಾವ ಕಾಲು ಎಷ್ಟು ಅನ್ನೋದನ್ನ ನಿಜವಾಗಿ ಬೇರ್ಪಡಿಸಿ ಹೇಳಲಾರದು. ಸ್ಕ್ರೀನ್ ಮೇಲೆ ಬರುವ ಎಡ-ಬಲ ಅಂಕಿ ಒಂದು ಅಂದಾಜು. ಹಾಗಾಗಿ ಎಡಗಾಲು ಸುಧಾರಿಸಿದೆಯಾ ಅಂತ ನೋಡೋಕೆ ಎರಡು ತಿಂಗಳಿಗೊಮ್ಮೆ ಆ ಟ್ರಯಥ್ಲಾನ್ ಹುಡುಗಿಯ ಪೆಡಲ್ ಬೇಡಿ ತರುತ್ತಾನೆ, ನನ್ನ ಶೂ ಹಾಕುತ್ತಾನೆ, ಎರಡು ಜೊತೆ ಸಾಕ್ಸ್. ಹೋದ ಸಲ ನಾಲ್ಕನೇ ಗಂಟೆಯಲ್ಲಿ 46-54 ಬಂತು. ಪೆಡಲ್ ವಾಪಸ್ ಕೊಟ್ಟಿದ್ದಾನೆ. ಶೂ ಇನ್ನೂ ಬಂದಿಲ್ಲ.